ಒಂದು ದಿನ, ಒಂದು ಕಾರು, ಮೂರು ಬಂಡೆ: ಸುರತ್ಕಲ್‌ನಿಂದ ಬೈಂದೂರಿಗೆ

ನಮ್ಮ ಕರಾವಳಿ ಬಹುಪಾಲು ಮರಳು. ಗುಡ್ಡ ನೇರವಾಗಿ ಕಡಲಿಗಿಳಿದು ಅಲೆಗೆ ಎದೆಕೊಟ್ಟು ನಿಂತ ಜಾಗಗಳು ಬೆರಳೆಣಿಕೆಯಷ್ಟು. ಸುರತ್ಕಲ್‌ನ ಸದಾಶಿವ ದೇವಸ್ಥಾನದ ಪಾದೆ ಒಂದು, ಕಾಪುವಿನ ದೀಪಸ್ತಂಭದ ಬಂಡೆ ಇನ್ನೊಂದು, ಬೈಂದೂರಿನ ಸೋಮೇಶ್ವರ ಮತ್ತೊಂದು. ಮೂರೂ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದಲ್ಲೇ, ಸುಮಾರು 110 ಕಿಲೋಮೀಟರ್ ಅಂತರದೊಳಗೆ ಸಿಗುತ್ತವೆ. ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬಹುದು. ಆದರೂ ಹೆಚ್ಚಿನವರ ಪ್ರವಾಸ ಮಧ್ಯಾಹ್ನದ ಹೊತ್ತಿಗೆ ಕೆಡುತ್ತದೆ. ಬಿಸಿಲು ತಲೆಗೇರಿರುತ್ತದೆ, ಮಕ್ಕಳು ಅಳುತ್ತಿರುತ್ತಾರೆ, ನೋಡಬೇಕಾದ ಜಾಗಗಳ ಪಟ್ಟಿ ಮಾತ್ರ ಅರ್ಧವೂ ಮುಗಿದಿರುವುದಿಲ್ಲ. ಹಾಗಾಗದಿರಲು ಕೆಲವು ಸೂತ್ರಗಳು.

1. ಬಡಗು ದಿಕ್ಕಿಗೇ ಹೊರಡಿ

ತೆಂಕಕ್ಕೆ ತಿರುಗಿದರೆ ಪಣಂಬೂರು, ತಣ್ಣೀರುಬಾವಿ, ನೇತ್ರಾವತಿ ದಾಟಿದರೆ ಉಳ್ಳಾಲ. ಒಳ್ಳೆಯ ಜಾಗಗಳೇ, ಆದರೆ ಅವು ಸಂಜೆಯ ಎರಡು ಗಂಟೆಗೆ ಸಾಕು. ಬಂದರಿನ ಲಾರಿಗಳು ಮತ್ತು ನಗರದ ಸಿಗ್ನಲ್‌ಗಳ ನಡುವೆ ಒಂದು ಇಡೀ ದಿನವನ್ನು ಕಳೆಯುವುದು ದಂಡ. ಬಡಗಿಗೆ ಹೊರಟರೆ ಪಾವಂಜೆಯಲ್ಲಿ ನಂದಿನಿ, ಮೂಲ್ಕಿಯಲ್ಲಿ ಶಾಂಭವಿ, ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ, ಹೀಗೆ ಒಂದರ ಹಿಂದೊಂದು ಹೊಳೆ ದಾಟುತ್ತಾ ಹೋಗುತ್ತೀರಿ. ಕಾರಿನ ಕಿಟಕಿಯಿಂದ ಇಷ್ಟು ನೀರು ಕಾಣುವ ಹೆದ್ದಾರಿ ರಾಜ್ಯದಲ್ಲಿ ಕಡಿಮೆ.

2. ಮೊದಲ ಬಂಡೆ ಮನೆಯ ಹತ್ತಿರದ್ದೇ ಇರಲಿ

ಸುರತ್ಕಲ್‌ನವರು ಹೊರಗಿನ ನೆಂಟರನ್ನೆಲ್ಲ ಮಲ್ಪೆಗೆ ಕರೆದೊಯ್ಯುತ್ತಾರೆ, ಕಾಲ ಬುಡದ ಪಾದೆಯನ್ನು ಮರೆಯುತ್ತಾರೆ. 1960ರಲ್ಲಿ ಕೆಆರ್‌ಇಸಿ ಆಗಿ ಶುರುವಾಗಿ 2002ರಲ್ಲಿ ಎನ್‌ಐಟಿಕೆ ಆದ ಕಾಲೇಜಿನ ಆವರಣವನ್ನು ಹೆದ್ದಾರಿ ಎರಡಾಗಿ ಸೀಳಿಕೊಂಡು ಹೋಗುತ್ತದೆ. ಅದರ ಪಡುಬದಿಗೆ ಕಡಲು, ಗುಡ್ಡದ ಮೇಲೆ 1972ರ ದೀಪಸ್ತಂಭ, ಕೆಳಗೆ ಬಂಡೆಗೆ ಅಂಟಿಕೊಂಡಂತೆ ಸದಾಶಿವ ದೇವಸ್ಥಾನ.

ಬೆಳಿಗ್ಗೆ ಆರೂವರೆಗೆ ಅಲ್ಲಿರಿ. ಪೂಜೆಯ ಗಂಟೆಯೂ ಅಲೆಯ ಸದ್ದೂ ಒಟ್ಟಿಗೆ ಕೇಳುವ ಹೊತ್ತದು. ದೂರದಲ್ಲಿ ನಾಲ್ಕೈದು ಹಡಗುಗಳು ಲಂಗರು ಹಾಕಿ ನಿಂತಿರುತ್ತವೆ. ಅವು ಪಣಂಬೂರು ಬಂದರಿನೊಳಗೆ ಜಾಗ ಸಿಗುವುದನ್ನು ಕಾಯುತ್ತಿರುವಂಥವು. ಬಂಡೆಯ ಕೆಳಭಾಗವನ್ನು ಹತ್ತಿರದಿಂದ ನೋಡಿ: ಮೇಲಿನ ಒಣ ಕಲ್ಲು ಬೂದಿ ಬಣ್ಣ, ಅದರ ಕೆಳಗೆ ಬೆಳ್ಳಗಿನ ಒರಟು ಚಿಪ್ಪುಗಳ ಪಟ್ಟಿ, ಇನ್ನೂ ಕೆಳಗೆ ಹಸಿರು-ಕಪ್ಪು ಪಾಚಿ. ಚಿಪ್ಪಿನ ಪಟ್ಟಿ ಎಲ್ಲಿದೆಯೋ ಅಲ್ಲಿವರೆಗೆ ನೀರು ದಿನಾ ಬರುತ್ತದೆ ಎಂದರ್ಥ. ಇಷ್ಟನ್ನು ಇಲ್ಲಿ ಕಣ್ಣಿಗೆ ರೂಢಿ ಮಾಡಿಕೊಂಡರೆ ಮುಂದಿನ ಎರಡು ಬಂಡೆಗಳಲ್ಲಿ ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು ಎಂಬ ಮೊದಲ ಅಂದಾಜು ಸಿಗುತ್ತದೆ.

3. ತಿಂಗಳು ನೋಡಿ ಹೊರಡಿ

ಅಕ್ಟೋಬರ್ ನಡುವಿನಿಂದ ಫೆಬ್ರವರಿವರೆಗೆ ಸಲೀಸು. ಮಾರ್ಚ್ ಬಳಿಕ ಸೆಕೆ. ಹತ್ತು ಗಂಟೆಯ ಮೇಲೆ ಬಂಡೆಯ ಮೇಲೆ ಬರಿಗಾಲು ಇಡಲಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ನಮ್ಮದಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿದೆ. ಕಡಲನ್ನೇ ಉಂಡು ಬದುಕುವವರು ದೋಣಿ ಮೇಲೆತ್ತಿ ಕೂತ ಹೊತ್ತಿನಲ್ಲಿ ನಮಗೇನು ಅವಸರ? ಮಳೆಗಾಲದ ಕಡಲನ್ನು ನೋಡಲೇಬೇಕೆಂಬ ಹಟವಿದ್ದರೆ ಬೈಂದೂರಿನ ಒತ್ತಿನೆಣೆ ಗುಡ್ಡದಂಥ ಎತ್ತರದಿಂದ ನೋಡಿ ಹಿಂದಿರುಗಿ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಇದ್ದ ದಿನ ಅದೂ ಬೇಡ.

4. ಭರತ-ಇಳಿತದ ವೇಳೆ ಬರೆದಿಟ್ಟುಕೊಳ್ಳಿ

ಮರಳಿನ ಬೀಚಿಗೆ ಹೋಗುವವರು ಇದನ್ನು ಮರೆತರೂ ನಡೆಯುತ್ತದೆ, ಬಂಡೆಗೆ ಹೋಗುವವರು ಮರೆಯಬಾರದು. ನಮ್ಮ ಕಡಲಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡೂ ಭರತ ಒಂದೇ ಎತ್ತರಕ್ಕೆ ಬರುವುದಿಲ್ಲ. ಇವತ್ತಿನ ವೇಳೆಗಿಂತ ನಾಳೆಯದ್ದು ಮುಕ್ಕಾಲು ಗಂಟೆಗೂ ಸ್ವಲ್ಪ ಹೆಚ್ಚು ತಡ. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಇಳಿತದ ಹೊತ್ತಿಗೆ ಬಂಡೆ ತಲುಪಿದರೆ ಬುಡದ ಗುಂಡಿಗಳಲ್ಲಿ ನಿಂತ ನೀರು, ಅದರೊಳಗಿನ ಪುಟ್ಟ ಏಡಿ, ಮೀನುಮರಿ ಎಲ್ಲ ಕಾಣುತ್ತವೆ. ಭರತ ಏರುವ ಹೊತ್ತಿಗೆ ತಲುಪಿದರೆ ಬಂದ ದಾರಿಯೇ ನೀರಿನಡಿ ಹೋಗಿರುತ್ತದೆ. ಮೊಬೈಲಿನಲ್ಲಿ ಈ ವೇಳಾಪಟ್ಟಿ ಸುಲಭವಾಗಿ ಸಿಗುತ್ತದೆ. ಅದಕ್ಕಿಂತ ಸುಲಭ, ದಂಡೆಯಲ್ಲಿ ಬಲೆ ಹೆಣೆಯುತ್ತಾ ಕೂತ ಹಿರಿಯರೊಬ್ಬರನ್ನು ಕೇಳುವುದು.

5. ಉಳಿದೆರಡರಲ್ಲಿ ದೂರದ ಬೈಂದೂರನ್ನು ಮೊದಲು ನೋಡಿ, ಹತ್ತಿರದ ಕಾಪುವನ್ನು ಸಂಜೆಗಿಡಿ

ಇಡೀ ದಿನದ ಗುಟ್ಟು ಇದೊಂದೇ. ಹೆಚ್ಚಿನವರು ಸುರತ್ಕಲ್ ಬಿಟ್ಟು ಸಸಿಹಿತ್ಲು, ಪಡುಬಿದ್ರಿ, ಕಾಪು, ಮಲ್ಪೆ ಎಂದು ಎಡಕ್ಕೆ ಕಂಡ ಪ್ರತಿ ಬೋರ್ಡಿಗೂ ಇಳಿಯುತ್ತಾರೆ. ಮೂರು ಗಂಟೆಗೆ ಇನ್ನೂ ಉಡುಪಿಯಲ್ಲೇ ಇರುತ್ತಾರೆ, ಬೈಂದೂರು ಮುಂದಿನ ವರ್ಷಕ್ಕೆ ಹೋಗುತ್ತದೆ. ಸಸಿಹಿತ್ಲುವಿನಲ್ಲಿ 2016ರಲ್ಲಿ ಸರ್ಫಿಂಗ್‌ನ ರಾಷ್ಟ್ರೀಯ ಕೂಟವೇ ನಡೆದಿದೆ, ಪಡುಬಿದ್ರಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಿದೆ, ನಿಜ. ಆದರೆ ಅವೆರಡೂ ಮರಳಿನ ಜಾಗ, ಅರ್ಧ ಗಂಟೆಯೊಳಗೆ ತಲುಪುವಂಥವು. ಯಾವ ಭಾನುವಾರವಾದರೂ ಹೋಗಬಹುದು.

ಬೆಳಗಿನ ಹೊತ್ತಿಗೆ ದೂರ ಹೋಗುವುದಕ್ಕೆ ಇನ್ನೊಂದು ಕಾರಣವಿದೆ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಬೆಳಿಗ್ಗೆ ಕಡಲು ಸಮಾಧಾನವಾಗಿರುತ್ತದೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದು ಅಲೆ ಚದುರುತ್ತದೆ. ಗುರುತಿಲ್ಲದ ಬಂಡೆಯನ್ನು ಬೆಳಿಗ್ಗೆ ಹತ್ತಿ. ಗುರುತಿರುವ, ಜನವಿರುವ ಬಂಡೆಯನ್ನು ಸಂಜೆ ಹತ್ತಿ.

6. ಟೋಲ್ ಲೆಕ್ಕ ಮೊದಲೇ ಹಾಕಿ

ಹೆಜಮಾಡಿ, ಸಾಸ್ತಾನ, ಎರಡೇ ಟೋಲ್. ಮೂರನೆಯದು ಶಿರೂರಿನಲ್ಲಿದೆ, ನಾವು ಅಲ್ಲಿವರೆಗೆ ಹೋಗುವುದಿಲ್ಲ. ಸುರತ್ಕಲ್‌ನ ಟೋಲ್ ಗೇಟು ಜನರ ಹೋರಾಟದ ಬಳಿಕ 2022ರ ಡಿಸೆಂಬರ್ 1ರಂದು ನಿಂತಿತು, ಅದರ ಶುಲ್ಕವನ್ನು ಹೆಜಮಾಡಿಗೆ ಸೇರಿಸುವ ತೀರ್ಮಾನವೂ ಜತೆಗೇ ಬಂತು. ಗೇಟು ಹೋಗುವುದು ಬೇರೆ, ಲೆಕ್ಕ ಹೋಗುವುದು ಬೇರೆ! ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ. ಇಪ್ಪತ್ನಾಲ್ಕು ಗಂಟೆಯೊಳಗೆ ಹಿಂದಿರುಗಿದರೆ ಎರಡನೆಯ ಸಲ ಅರ್ಧ ದರ ಮಾತ್ರ.

7. ಹೆದ್ದಾರಿಯಲ್ಲಿ ಎದುರಿನಿಂದ ಯಾರಾದರೂ ಬರುತ್ತಾರೆಂದೇ ಓಡಿಸಿ

ಚತುಷ್ಪಥವಾದರೂ ಸರ್ವಿಸ್ ರಸ್ತೆ ಇಲ್ಲದ ಊರುಗಳಲ್ಲಿ ಸ್ಕೂಟರು, ರಿಕ್ಷಾ ತಪ್ಪು ದಿಕ್ಕಿನಲ್ಲೇ ಬರುತ್ತವೆ. ಡಿವೈಡರ್ ತೆರೆದಲ್ಲಿ ಮೀನಿನ ಟೆಂಪೊ ತಟ್ಟನೆ ತಿರುಗುತ್ತದೆ. ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಹಿಂದೆ ಕೇಳಿದರೆ ಪಂಥ ಕಟ್ಟಬೇಡಿ, ಎಡಕ್ಕೆ ಸರಿದು ದಾರಿ ಬಿಡಿ. ಅವರಿಗೆ ಮುಂದಿನ ಸ್ಟಾಪಿಗೆ ಟೈಮಿಂಗ್ ಇದೆ, ನಿಮಗಿಲ್ಲ.

8. ತಿಂಡಿ ದಾರಿಯಲ್ಲಿ, ಬೇಗ

ಬ್ರಹ್ಮಾವರದಿಂದ ಸಾಲಿಗ್ರಾಮದವರೆಗೆ ಯಾವ ಸಣ್ಣ ಹೋಟೆಲಿನಲ್ಲೂ ಎಂಟು ಗಂಟೆಗೆ ಬನ್ಸ್, ಗೋಳಿಬಜೆ, ನೀರುದೋಸೆ ಬಿಸಿಯಾಗಿ ಸಿಗುತ್ತದೆ. ದೊಡ್ಡ ಬೋರ್ಡು ಬೇಕಾಗಿಲ್ಲ, ಹೊರಗೆ ಬೈಕುಗಳು ನಿಂತಿವೆಯೇ ನೋಡಿ. ಇಲ್ಲಿಂದ ಮುಂದೆ ತುಳು ಹಿಂದೆ ಬೀಳುತ್ತದೆ, ಕುಂದಾಪ್ರ ಕನ್ನಡ ಶುರು. ದಾರಿ ಕೇಳಲು "ಹ್ವಾಯ್" ಎಂದರೆ ಸಾಕು, ದಾರಿಯ ಜತೆಗೆ ಊರಿನ ಸಮಾಚಾರವೂ ಸಿಗುತ್ತದೆ.

9. ಮರವಂತೆಯಲ್ಲಿ ಹೋಗುವಾಗಲೇ ನಿಲ್ಲಿಸಿ

ಇಲ್ಲಿ ಹೆದ್ದಾರಿಯ ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ ಹೊಳೆ. ನಾವು ಓಡಿಸುವುದು ರಸ್ತೆಯ ಎಡಗಡೆ. ಹಾಗಾಗಿ ಬಡಗಿಗೆ ಹೋಗುವಾಗ ನಿಮ್ಮ ಪಥವೇ ಕಡಲಿಗೆ ಹತ್ತಿರ. ಎಡಕ್ಕೆ ಇಳಿಸಿ ನಿಲ್ಲಿಸಿದರಾಯಿತು, ರಸ್ತೆ ದಾಟಬೇಕಾಗಿಲ್ಲ. ವಾಪಸು ಬರುವಾಗ ನೀವು ಹೊಳೆಯ ಬದಿಯಲ್ಲಿರುತ್ತೀರಿ. ಕಡಲಿಗೆ ಹೋಗಬೇಕೆಂದರೆ ವೇಗದ ನಾಲ್ಕು ಪಥಗಳನ್ನು ಮಕ್ಕಳ ಕೈ ಹಿಡಿದು ದಾಟಬೇಕು. ಮರವಂತೆಯ ಅಪಾಯಗಳಲ್ಲಿ ಅರ್ಧ ನೀರಿನದ್ದು, ಅರ್ಧ ಈ ರಸ್ತೆಯದ್ದು. ಕಾರಿನ ಎಡ ಸೀಟಿನಲ್ಲಿ ಕೂತವರಿಗೆ ಹೋಗುವಾಗ ಕಡಲು, ಬರುವಾಗ ಸೌಪರ್ಣಿಕೆ. ಸೀಟಿಗಾಗಿ ಜಗಳವಿಲ್ಲ.

ಕೊಡಚಾದ್ರಿಯ ಕಡೆಯಿಂದ ಕೊಲ್ಲೂರು ದಾಟಿ ಬರುವ ಸೌಪರ್ಣಿಕೆ ಇಲ್ಲಿ ಕಡಲಿಗೆ ಕಲ್ಲೆಸೆತದ ದೂರಕ್ಕೆ ಬಂದು, ಕೂಡಿಕೊಳ್ಳದೆ ತೆಂಕಕ್ಕೆ ತಿರುಗಿ, ಗಂಗೊಳ್ಳಿಯಲ್ಲಿ ಉಳಿದ ಹೊಳೆಗಳ ಜತೆ ಸಮುದ್ರ ಸೇರುತ್ತದೆ. ನಡುವಿನ ಕಿರುಪಟ್ಟಿಯ ಮೇಲೆ ಹೆದ್ದಾರಿ. ಎಷ್ಟು ಸಲ ನೋಡಿದರೂ ಬೇಸರವಾಗದ ನೋಟ, ಒಪ್ಪೋಣ. ಆದರೆ ಇಲ್ಲಿನ ಕಲ್ಲು ಲಾರಿಯಲ್ಲಿ ಬಂದದ್ದು, ಕೊರೆತ ತಡೆಯಲು ಸುರಿದದ್ದು. ಇಂಥ ಬಂಡೆಗಳ ನಡುವೆ ಆಳುದ್ದದ ಸಂದುಗಳಿರುತ್ತವೆ. ಕೆಳಗಿನ ಮರಳು ಕೊಚ್ಚಿಹೋದಂತೆ ಕಲ್ಲು ಅಲುಗುತ್ತದೆ. ಹುಟ್ಟುಬಂಡೆಗಿಂತ ಸುರಿದ ಬಂಡೆ ಹೆಚ್ಚು ಅಪಾಯ. ರಸ್ತೆಬದಿಯಲ್ಲಿ ನಿಂತು ನೋಡಿ, ಫೋಟೊ ತೆಗೆಯಿರಿ, ಮೇಲೆ ಹತ್ತಬೇಡಿ. ಮಳೆಯ ರಾತ್ರಿ ಇಲ್ಲಿ ಕಾರು ಕಡಲಿಗೆ ಉರುಳಿ ಜೀವ ಹೋದದ್ದೂ ಇದೆ. ಕತ್ತಲಾದ ಮೇಲೆ ವೇಗ ಇಳಿಸಿ.

ಹದಿನೈದು ನಿಮಿಷ ಸಾಕು. ಮುಂದೆ ಹೋಗಿ.

10. ಮ್ಯಾಪಿನಲ್ಲಿ "ಬೈಂದೂರು" ಎಂದು ಸೇರಿಸಿಯೇ ಹುಡುಕಿ

ಬರೀ "ಸೋಮೇಶ್ವರ ಬೀಚ್" ಎಂದು ಒತ್ತಿದರೆ ಫೋನು ನಿಮ್ಮನ್ನು ಉಳ್ಳಾಲದ ಸೋಮೇಶ್ವರಕ್ಕೆ ಕಳಿಸಬಹುದು. ಎರಡರ ನಡುವೆ ನೂರಕ್ಕೂ ಹೆಚ್ಚು ಕಿಲೋಮೀಟರ್.

11. ಒತ್ತಿನೆಣೆ ಮೊದಲು, ಸೋಮೇಶ್ವರ ಆಮೇಲೆ

ಬೈಂದೂರು ಪೇಟೆ ದಾಟಿದ ಮೇಲೆ ಒತ್ತಿನೆಣೆ ಗುಡ್ಡ. ಜಂಬಿಟ್ಟಿಗೆಯ ನೆಲ, ಅಲ್ಲಲ್ಲಿ ಕುರುಚಲು ಗಿಡ, ತುದಿಯಲ್ಲಿ ನಿಂತರೆ ಕೆಳಗೆ ಕಡಲು. ಬೈಂದೂರು ಹೊಳೆ ಕಡಲಿಗೆ ಕೂಡುವ ಅಳಿವೆಯೂ ಇಲ್ಲಿಂದ ಕಾಣುತ್ತದೆ. ಅದರ ಬಾಯಲ್ಲಿ ಮರಳು ದಿಣ್ಣೆ ಕಟ್ಟಿ, ಹೊಳೆಯ ನೀರು ಅದನ್ನು ಬಳಸಿ ಹೋಗುವ ಬಗೆ ಮೇಲಿನಿಂದಷ್ಟೇ ಅರ್ಥವಾಗುತ್ತದೆ. ಹತ್ತು ನಿಮಿಷ ಇದನ್ನು ನೋಡಿ, ಆಮೇಲೆ ಕೆಳಗಿಳಿದರೆ ನೀರು ಎಲ್ಲಿ ಸೆಳೆಯುತ್ತದೆ, ಎಲ್ಲಿ ತಣ್ಣಗಿದೆ ಎಂಬ ಅಂದಾಜು ನಿಮ್ಮಲ್ಲಿರುತ್ತದೆ. ಅಳಿವೆಯ ಬಾಯಲ್ಲಿ ಯಾವ ಕಾರಣಕ್ಕೂ ನೀರಿಗಿಳಿಯಬೇಡಿ. ಹೊಳೆ ಹೊರಕ್ಕೆ ತಳ್ಳುತ್ತದೆ, ಅಲೆ ಒಳಕ್ಕೆ ತಳ್ಳುತ್ತದೆ, ನಡುವೆ ಸಿಕ್ಕವನಿಗೆ ಈಜು ಬಂದರೂ ಪ್ರಯೋಜನವಿಲ್ಲ. ಹೆದ್ದಾರಿಗಾಗಿ ಕಡಿದ ಈ ಗುಡ್ಡ ಮಳೆಗಾಲದಲ್ಲಿ ರಸ್ತೆಗೆ ಜಾರಿದ್ದುಂಟು. ಜಡಿಮಳೆಯ ದಿನ ಕಡಿದ ಬದಿಯ ಬುಡದಲ್ಲಿ ಕಾರು ನಿಲ್ಲಿಸಬೇಡಿ.

ಕೆಳಗೆ ಸೋಮೇಶ್ವರ ದೇವಸ್ಥಾನ, ಅದರ ಮುಂದೆಯೇ ಬಂಡೆ, ಬಂಡೆಯಾಚೆ ಕಡಲು. ಮಲ್ಪೆಯ ಗದ್ದಲ ಇಲ್ಲಿಲ್ಲ, ವಾಟರ್ ಸ್ಪೋರ್ಟ್ಸ್‌ನ ಕೂಗಾಟವಿಲ್ಲ. ನನ್ನ ಮಟ್ಟಿಗೆ ಇಡೀ ದಿನದ ಫಲ ಇರುವುದು ಇಲ್ಲೇ. ಒಂದೂವರೆ ಗಂಟೆಯಾದರೂ ಕೊಡಿ. ಬಂಡೆಯ ನೆರಳಲ್ಲಿ ಕೂತು ಅಲೆ ಎಣಿಸಿ: ಒಂದಷ್ಟು ಸಣ್ಣವು ಬಂದ ಮೇಲೆ ಒಂದೆರಡು ದೊಡ್ಡವು ಬರುತ್ತವೆ. ದೊಡ್ಡದರ ನೀರು ಎಲ್ಲಿವರೆಗೆ ಚಿಮ್ಮಿತು ಎಂದು ಹತ್ತು ನಿಮಿಷ ನೋಡದೆ ಯಾರೂ ಮುಂದಕ್ಕೆ ಹೆಜ್ಜೆ ಇಡಬಾರದು.

12. ಬಂಡೆಯ ಮೇಲೆ ಮೂರು ಕಟ್ಟುಪಾಡು

ಕಡಲಿಗೆ ಬೆನ್ನು ಹಾಕಬೇಡಿ. ಸೆಲ್ಫಿ ತೆಗೆಯುವವರು ಮಾಡುವುದೇ ಅದನ್ನು. ಪಾಚಿ ಕಂಡಲ್ಲಿ ಕಾಲಿಡಬೇಡಿ. ಒಣಗಿದಂತೆ ಕಂಡರೂ ಅದು ಎಣ್ಣೆ ಸವರಿದ ಹಂಚು. ಚಪ್ಪಲಿ ಬೇಡ, ಹಿಂದೆ ಪಟ್ಟಿಯಿರುವ ರಬ್ಬರ್ ಅಡಿಯ ಸ್ಯಾಂಡಲ್ ಅಥವಾ ಹಳೆಯ ಶೂ ಹಾಕಿ, ಚಿಪ್ಪಿನಂಚು ಬ್ಲೇಡಿನಷ್ಟೇ ಹರಿತ.

ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನನ್ನೋ ಎಸೆದು, ಊರವರನ್ನು ಕೂಗಿ, 112ಕ್ಕೆ ಕರೆ ಮಾಡಿ. ಐದು ಲೀಟರಿನ ಒಂದು ಕ್ಯಾನು, ಇಪ್ಪತ್ತಡಿ ಹಗ್ಗ ಡಿಕ್ಕಿಯಲ್ಲಿದ್ದರೆ ಭಾರವಾಗುವುದಿಲ್ಲ.

13. ವಾಪಸು ಬರುವಾಗ ಊಟ ಕುಂದಾಪುರದಲ್ಲಿ

ಚಿಕನ್ ಘೀ ರೋಸ್ಟ್ ಹುಟ್ಟಿದ ಊರು ಎಂಬ ಹೆಸರು ಇದಕ್ಕಿದೆ, ಆ ಕೀರ್ತಿ ಇಲ್ಲಿನ ಶೆಟ್ಟಿ ಲಂಚ್ ಹೋಮ್‌ಗೆ ಸಲ್ಲುತ್ತದೆ. ಮೀನೂಟವಾದರೆ ಅಂದು ಬಂದ ಮೀನು ಯಾವುದೆಂದು ಕೇಳಿ ತಗೊಳ್ಳಿ. ಅಂಜಲ್‌ಗೇ ಹಟ ಹಿಡಿದು ಫ್ರಿಜ್ಜಿನದ್ದನ್ನು ತಿನ್ನುವುದಕ್ಕಿಂತ ತಾಜಾ ಬಂಗುಡೆ ಮೇಲು. ಒಂದು ಗಂಟೆಗೆ ಮೊದಲೇ ಕೂತುಬಿಡಿ. ಓಡಿಸುವವರು ಎರಡನೆಯ ಸಲ ಅನ್ನ ಹಾಕಿಸಿಕೊಂಡರೆ ಕೋಟ ದಾಟುವಷ್ಟರಲ್ಲಿ ಕಣ್ಣೆಳೆಯುತ್ತದೆ. ಊಟದ ಮೇಲೆ ಅರ್ಧ ಗಂಟೆ ಸೀಟು ಹಿಂದಕ್ಕೆ ಒರಗಿಸಿ ನಿದ್ದೆ ಮಾಡಿಯೇ ಹೊರಡಿ.

14. ಸೇಂಟ್ ಮೇರೀಸ್ ದ್ವೀಪವನ್ನು ಈ ದಿನಕ್ಕೆ ತುರುಕಬೇಡಿ

ಅದು ನೋಡಬೇಕಾದ ಜಾಗವೇ. ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದಲ್ಲಿ, ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಉಕ್ಕಿದ ಲಾವಾ ತಣಿದು, ಬಿರಿದು, ಆರು ಮೂಲೆಯ ಕಂಬಗಳಾಗಿ ನಿಂತ ದ್ವೀಪ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. 1498ರಲ್ಲಿ ವಾಸ್ಕೊ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟ ಎಂಬ ಪ್ರತೀತಿಯೂ ಇದೆ. ಆದರೆ ಮಲ್ಪೆಯಲ್ಲಿ ಟಿಕೆಟು, ಜನ ಸೇರುವವರೆಗೆ ಕಾಯುವುದು, ಹೋಗುವ ದೋಣಿ, ಬರುವ ದೋಣಿ ಎಂದು ಅರ್ಧ ದಿನ ಹೋಗುತ್ತದೆ. ಮಳೆಗಾಲದಲ್ಲಂತೂ ದೋಣಿಯೇ ಇಲ್ಲ. ಅದಕ್ಕೆ ಬೇರೆ ದಿನ ಇಡಿ. ಎರಡನ್ನೂ ಒಂದೇ ದಿನ ಮಾಡಿದವರು ಯಾವುದನ್ನೂ ನೋಡಿರುವುದಿಲ್ಲ.

15. ಕಾಪುವಿಗೆ ಸೂರ್ಯಾಸ್ತಕ್ಕಿಂತ ಒಂದೂವರೆ ಗಂಟೆ ಮೊದಲು ತಲುಪಿ

ನವೆಂಬರಿನಲ್ಲಿ ಆರರ ಆಸುಪಾಸಿಗೆ, ಮೇ ತಿಂಗಳಲ್ಲಿ ಏಳರ ಹತ್ತಿರ ಸೂರ್ಯ ಮುಳುಗುತ್ತಾನೆ. 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ, ಸರತಿ ಇರುತ್ತದೆ. ಮೇಲಿಂದ ಬಡಗಿಗೂ ತೆಂಕಿಗೂ ನೋಡಿ: ಕಣ್ಣು ಹರಿಯುವವರೆಗೆ ತೆಂಗು, ಮರಳು, ಬಿಳಿ ನೊರೆಯ ಗೆರೆ. ನೀವು ನಿಂತದ್ದೊಂದೇ ಕಲ್ಲು. ಬಂಡೆ ಎಷ್ಟು ಅಪರೂಪ ಎಂಬುದು ಇಲ್ಲಿ ತಾನಾಗಿ ಗೊತ್ತಾಗುತ್ತದೆ. ಹತ್ತಲು ಆಗದ ಹಿರಿಯರನ್ನು ಕೆಳಗೆ ಮರಳಲ್ಲಿ ಕೂರಿಸಿ, ಚುರುಮುರಿ ಕೊಡಿಸಿ. ಅವರೇ ಹೆಚ್ಚು ಸುಖವಾಗಿರುತ್ತಾರೆ.

16. ಕಾರಿನ ಬಗ್ಗೆ ನಾಲ್ಕು ಮಾತು

ಮರಳಿಗೆ ಇಳಿಸಬೇಡಿ. ಹೂತರೆ ಎಳೆಸುವ ಟ್ರ್ಯಾಕ್ಟರಿಗೆ ಕಾಯುವಷ್ಟರಲ್ಲಿ ಭರತ ಬರುತ್ತದೆ. ನೆರಳೆಂದು ತೆಂಗಿನ ಮರದಡಿ ನಿಲ್ಲಿಸಬೇಡಿ. ಬೀಳುವ ಕಾಯಿಗೆ ಇನ್ಶೂರೆನ್ಸ್ ಗೊತ್ತಿಲ್ಲ. ಮೀನು ಒಣಗಿಸುವ ಜಾಗಕ್ಕೂ ಬಲೆ ಹರಡಿದ ಜಾಗಕ್ಕೂ ಚಕ್ರ ಹತ್ತಿಸಬೇಡಿ, ಅದು ಇನ್ನೊಬ್ಬರ ಅನ್ನ. ಮರುದಿನ ಬೆಳಿಗ್ಗೆ ಸಿಹಿನೀರಿನಿಂದ ಕಾರಿನ ಅಡಿಭಾಗವನ್ನೂ ತೊಳೆಯಿರಿ.

17. ಬಾಟಲಿ ಒಡೆಯಬೇಡಿ

ಸಂಜೆ ಜನ ಸೇರುವ ಬಂಡೆಗಳ ಸಂದಿನಲ್ಲಿ ಈಗ ಚಿಪ್ಪಿಗಿಂತ ಗಾಜು ಹೆಚ್ಚು ಸಿಗುತ್ತದೆ. ಅದರ ಮೇಲೆ ಬರಿಗಾಲು ಇಡುವವರು ಪ್ರವಾಸಿಗರಲ್ಲ, ಮುಂಜಾನೆ ಇಳಿತಕ್ಕೆ ಪಚ್ಚಿಲೆ ಚಿಪ್ಪು ಹೆಕ್ಕಲು ಬರುವ ಊರ ಹೆಂಗಸರು, ಗಾಳ ಹಾಕುವ ಗಂಡಸರು. ಅವರಿಗೆ ಈ ಬಂಡೆ ನಾಳೆಯೂ ಬೇಕು. ಒಂದು ಗೋಣಿಚೀಲ ಕಾರಿನಲ್ಲಿಟ್ಟುಕೊಳ್ಳಿ, ನಿಮ್ಮ ಕಸ ನಿಮ್ಮ ಜತೆ ಸುರತ್ಕಲ್‌ಗೆ ಬರಲಿ.